ಏಳಲು ಸುಲಭವಾದ ಸೋಫಾ



ಉತ್ತರ ಬೆಂಗಳೂರಿನಲ್ಲಿ ವಾರವಾರವೂ ಎಲ್ಲೋ ಒಂದು ಕಡೆ ಗೃಹಪ್ರವೇಶ ಇದ್ದೇ ಇರುತ್ತದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಬಂದ ಮೇಲೆ ಹೆಬ್ಬಾಳದಿಂದ ಯಲಹಂಕದವರೆಗೆ, ಅದರಾಚೆಗೂ, ಬಳ್ಳಾರಿ ರಸ್ತೆಯ ಎರಡೂ ಬದಿಗೆ ಮನೆಗಳ ಮೇಲೆ ಮನೆಗಳು ಎದ್ದಿವೆ. ಹಾಲು ಉಕ್ಕಿಸಿ, ಬಂದವರಿಗೆ ಊಟ ಬಡಿಸಿ ಮುಗಿಯುವ ಹೊತ್ತಿಗೆ ಮನೆಯವರ ಮಾತು ಸೋಫಾದ ಕಡೆ ತಿರುಗುತ್ತದೆ. ಆರ್.ಟಿ. ನಗರದ ಅಂಗಡಿಗಳಲ್ಲಿ ವಿಚಾರಿಸುವವರಿದ್ದಾರೆ. 2022ರಲ್ಲಿ ನಾಗಸಂದ್ರ ಮೆಟ್ರೊ ನಿಲ್ದಾಣದ ಪಕ್ಕದಲ್ಲಿ ತೆರೆದ ಐಕಿಯಾಗೆ ಹೋಗಿಬರುವವರಿದ್ದಾರೆ. ಪರಿಚಯದ ಬಡಗಿಗೆ ಹೇಳಿ ಮಾಡಿಸುವವರೂ ಇದ್ದಾರೆ. ಎಲ್ಲಿಗೆ ಹೋದರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಣ್ಣ ಗೋಡೆಗೆ ಹೊಂದುತ್ತದೆಯೇ? ಎಷ್ಟು ಮೆತ್ತಗಿದೆ? ಎಷ್ಟು ಜನ ಕೂರಬಹುದು? ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆ ಸೇರಬೇಕು ಎಂಬುದು ನನ್ನ ಇವತ್ತಿನ ಮಾತು. ನಮ್ಮ ಮನೆಯ ಹಿರಿಯರು ಯಾರ ಕೈಯನ್ನೂ ಹಿಡಿಯದೆ ಈ ಸೋಫಾದಿಂದ ಏಳಬಲ್ಲರೇ?

ಈ ಪ್ರಶ್ನೆಗೆ ಕಾರಣವಿದೆ. ಸೋಫಾದ ಮೇಲೆ ಹೆಚ್ಚು ಹೊತ್ತು ಕೂರುವವರು ಯಾರು, ಸ್ವಲ್ಪ ಯೋಚಿಸಿ. ದುಡಿಯುವವರು ಬೆಳಿಗ್ಗೆಯೇ ಹೆಬ್ಬಾಳದ ಟ್ರಾಫಿಕ್ ದಾಟಿ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳು ಶಾಲೆಗೆ ಹೋಗುತ್ತಾರೆ. ಹಗಲೆಲ್ಲ ಆ ಸೋಫಾ ಅಜ್ಜಿ ತಾತನದು. ಶಿರಾದಿಂದಲೋ ಚಿಂತಾಮಣಿಯಿಂದಲೋ ಗೌರಿಬಿದನೂರಿನಿಂದಲೋ ಮಕ್ಕಳ ಮನೆಗೆ ಬಂದು ನೆಲೆಸಿದವರು ಅವರು. ಊರಿನಲ್ಲಿ ಅವರಿಗೆ ಜಗಲಿ ಇತ್ತು. ಅದು ಗಟ್ಟಿಯಾಗಿತ್ತು, ಪಾದ ನೆಲಕ್ಕೆ ತಾಗುತ್ತಿತ್ತು, ಏಳುವಾಗ ಹಿಡಿದುಕೊಳ್ಳಲು ಪಕ್ಕದಲ್ಲೇ ಕಂಬ ಇತ್ತು. ಇಲ್ಲಿ ನಾವು ಅವರನ್ನು ತಗ್ಗಾದ, ಆಳವಾದ, ಹೂತುಹೋಗುವ ಸೋಫಾದಲ್ಲಿ ಕೂರಿಸುತ್ತೇವೆ. ಪ್ರೀತಿಯಿಂದಲೇ ಕೂರಿಸುತ್ತೇವೆ. ಆದರೆ ಏಳಬೇಕೆಂದರೆ ಅವರು ಮೊಮ್ಮಗನನ್ನು ಕೂಗಬೇಕಾಗುತ್ತದೆ. ದಿನಕ್ಕೆ ಹತ್ತು ಸಲ ಕೂಗಲು ಸಂಕೋಚ. ಹಾಗಾಗಿ ಏಳುವುದನ್ನೇ ಕಡಿಮೆ ಮಾಡುತ್ತಾರೆ. ಬಚ್ಚಲುಮನೆಗೆ ಎದ್ದು ಹೋಗಬೇಕಾದೀತೆಂದು ನೀರು ಕುಡಿಯುವುದನ್ನೂ ಕಡಿಮೆ ಮಾಡುವ ಹಿರಿಯರಿದ್ದಾರೆ. ಮನೆಯ ಒಂದು ಪೀಠೋಪಕರಣ ಒಬ್ಬರ ಸ್ವಾತಂತ್ರ್ಯವನ್ನು ಹೀಗೆ ಸದ್ದಿಲ್ಲದೆ ಕಿತ್ತುಕೊಳ್ಳಬಲ್ಲದು.

ಕೂತಲ್ಲಿಂದ ಏಳುವುದು ಎಷ್ಟು ದೊಡ್ಡ ಸಂಗತಿ ಎನ್ನುವುದನ್ನು ವೈದ್ಯಶಾಸ್ತ್ರ ಚೆನ್ನಾಗಿ ಬಲ್ಲದು. ಹಿರಿಯರ ಕಾಲಿನ ಶಕ್ತಿಯನ್ನು ಅಳೆಯಲು ಜಗತ್ತಿನಾದ್ಯಂತ ಒಂದು ಸರಳ ಪರೀಕ್ಷೆ ಬಳಕೆಯಲ್ಲಿದೆ. ರಿಕ್ಲಿ ಮತ್ತು ಜೋನ್ಸ್ ಎಂಬ ಅಮೆರಿಕದ ಸಂಶೋಧಕರು ರೂಪಿಸಿದ್ದು ಅದು. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ಎಂದು ಎಣಿಸುತ್ತಾರೆ. ಆ ಕುರ್ಚಿಯ ಎತ್ತರ ಸುಮಾರು 43 ಸೆಂಟಿಮೀಟರ್, ಅಂದರೆ 17 ಇಂಚು. 1991ರಿಂದ ಬಳಕೆಗೆ ಬಂದ ಇನ್ನೊಂದು ಪರೀಕ್ಷೆಯಲ್ಲಿ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಬೀಳುವ ಅಪಾಯ ಯಾರಿಗೆ ಹೆಚ್ಚು ಎಂದು ಅಂದಾಜು ಮಾಡಲು ಅದಕ್ಕೆ ಹಿಡಿದ ಹೊತ್ತು ನೆರವಾಗುತ್ತದೆ. ಆಸನ ತಗ್ಗಾದಷ್ಟೂ ಮಂಡಿ ಸೊಂಟಕ್ಕಿಂತ ಮೇಲೆ ಹೋಗುತ್ತದೆ, ಏಳುವಾಗ ಮಂಡಿಯ ಮೇಲೆ ಬೀಳುವ ಹೊರೆ ಹೆಚ್ಚುತ್ತದೆ. ಮಂಡಿ ಸವೆದವರಿಗೆ ಎರಡು ಇಂಚಿನ ವ್ಯತ್ಯಾಸವೂ ದೊಡ್ಡದು.

ಹಾಗಾದರೆ ಅಂಗಡಿಗೆ ಹೋಗುವಾಗ ಒಂದು ಟೇಪು ಜೊತೆಗಿರಲಿ. ಹಿರಿಯರೂ ಜೊತೆಗಿರಲಿ. ಸೋಫಾದ ಮೇಲೆ ಕೂತಾಗ ಕುಶನ್ ಸ್ವಲ್ಪ ತಗ್ಗುತ್ತದೆ. ಹಾಗೆ ತಗ್ಗಿದ ಮೇಲೂ ಆಸನದ ಎತ್ತರ 16ರಿಂದ 18 ಇಂಚು ಉಳಿದರೆ ನಮ್ಮ ಬಹುತೇಕ ಮನೆಗಳಿಗೆ ಹೊಂದುತ್ತದೆ. ಪಾದ ಪೂರ್ತಿ ನೆಲಕ್ಕೆ ಊರಬೇಕು. ಬೆನ್ನು ಹಿಂದಕ್ಕೆ ಒರಗಿದಾಗ ಆಸನದ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಇರಬೇಕು. ಆಳ 24 ಇಂಚು ದಾಟಿದ ಸೋಫಾದಲ್ಲಿ ಐದಡಿ ಎತ್ತರದ ಅಜ್ಜಿಗೆ ಒಂದೋ ಬೆನ್ನಿಗೆ ಆಸರೆ ಸಿಗುವುದಿಲ್ಲ, ಇಲ್ಲವೇ ಪಾದ ನೆಲ ಮುಟ್ಟುವುದಿಲ್ಲ. ನಮ್ಮವರ ಮೈಯಳತೆ ಪಶ್ಚಿಮದವರ ಅಳತೆಗಿಂತ ಬೇರೆ. ಅದಕ್ಕೆಂದೇ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಿಂದ ದೇಬಕುಮಾರ್ ಚಕ್ರಬರ್ತಿ ಅವರು ಭಾರತೀಯರ ದೇಹದ ಅಳತೆಗಳ ಪುಸ್ತಕವನ್ನೇ 1997ರಲ್ಲಿ ಹೊರತಂದರು. ಕೊಳ್ಳುವವರಿಗೆ ಆ ಪುಸ್ತಕ ಬೇಕಿಲ್ಲ. ಮನೆಯವರನ್ನು ಕೂರಿಸಿ ನೋಡಿದರೆ ಸಾಕು.

ಇನ್ನೆರಡು ಸಂಗತಿಗಳು ಸುಲಭವಾಗಿ ಕಣ್ಣು ತಪ್ಪುತ್ತವೆ. ಏಳುವಾಗ ನಾವೆಲ್ಲರೂ ಗೊತ್ತಿಲ್ಲದೆಯೇ ಪಾದಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ನೆಲದವರೆಗೂ ಮುಚ್ಚಿದ ಸೋಫಾದಲ್ಲಿ ಪಾದ ಹಿಂದೆ ಹೋಗಲು ಜಾಗವೇ ಇರುವುದಿಲ್ಲ. ಕಾಲುಗಳ ಮೇಲೆ ನಿಂತ ಸೋಫಾ ಆದರೆ ಪಾದಕ್ಕೆ ಜಾಗ ಸಿಗುತ್ತದೆ, ಕೆಳಗೆ ಗುಡಿಸಿ ಒರೆಸಲೂ ಬರುತ್ತದೆ, ಗೆದ್ದಲು ಹತ್ತಿದರೆ ಬೇಗ ಕಾಣುತ್ತದೆ. ಎರಡನೆಯದು ಕೈ ಊರುವ ಜಾಗ. ಅದು ಆಸನದ ಮುಂದಿನ ಅಂಚಿನವರೆಗೂ ಬರಬೇಕು, ಗಟ್ಟಿಯಾಗಿರಬೇಕು. ಏಳುವಾಗ ಹಿರಿಯರ ಮೈಭಾರದ ದೊಡ್ಡ ಪಾಲು ಅದರ ಮೇಲೆಯೇ ಬೀಳುತ್ತದೆ. ಅದು ಅಲುಗಾಡಿದರೆ ಅವರು ಬೀಳುತ್ತಾರೆ.

ಇಲ್ಲಿಗೆ ಸೋಫಾದ ಒಳಗಿನ ಮಾತು ಬಂತು. ಕೈ ಊರುವ ಜಾಗ ಗಟ್ಟಿಯಾಗಿರಬೇಕಾದರೆ ಒಳಗಿನ ಚೌಕಟ್ಟು ಗಟ್ಟಿಯಾಗಿರಬೇಕು. ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರದಲ್ಲಿ ಮಾಡಿದ ಚೌಕಟ್ಟು ಬೆಂಗಳೂರಿನ ಫೆಬ್ರುವರಿ, ಮಾರ್ಚ್‌ನ ಒಣಹವೆಗೆ ಕುಗ್ಗಿ ಜೋಡಣೆ ಸಡಿಲವಾಗುತ್ತದೆ. ತೇಗ, ಹೊನ್ನೆ, ಮತ್ತಿ ಸಿಕ್ಕರೆ ಒಳ್ಳೆಯದು. ಈಗ ಹೆಚ್ಚಾಗಿ ಬಳಸುವ ರಬ್ಬರ್ ಮರವೂ ಕೆಟ್ಟದ್ದಲ್ಲ, ಆದರೆ ಹುಳು ಹಿಡಿಯದಂತೆ ಔಷಧೋಪಚಾರ ಆಗಿರಬೇಕು. ಪ್ಲೈವುಡ್ ಆದರೆ ಭಾರತೀಯ ಮಾನಕ ಐಎಸ್ 303ರ, ಕುದಿನೀರನ್ನು ತಡೆಯುವ ಬಿಡಬ್ಲ್ಯುಆರ್ ದರ್ಜೆಯದೋ ಐಎಸ್ 710ರ ಮರೀನ್ ದರ್ಜೆಯದೋ ಎಂದು ಕೇಳಿ. ಮರೀನ್ ಪ್ಲೈವುಡ್ಡನ್ನು 72 ಗಂಟೆ ನೀರಿನಲ್ಲಿ ಕುದಿಸಿ ಅಂಟು ಬಿಡುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಈ ವಿದ್ಯೆ ನಮಗೆ ದೂರದ್ದಲ್ಲ. ಪ್ಲೈವುಡ್ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆ 1962ರಲ್ಲಿ ಹುಟ್ಟಿದ್ದು, ಬೆಳೆದದ್ದು ಯಶವಂತಪುರದ ತುಮಕೂರು ರಸ್ತೆಯಲ್ಲಿ. ಮಲ್ಲೇಶ್ವರದ ಮರವಿಜ್ಞಾನ ಸಂಸ್ಥೆಯ ಮೂಲ, 1938ರಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಅರಣ್ಯ ಪ್ರಯೋಗಾಲಯ. ಮರವನ್ನು ಹೇಗೆ ಒಣಗಿಸಬೇಕು, ಹೇಗೆ ಕಾಪಾಡಬೇಕು ಎಂದು ದೇಶಕ್ಕೆ ಹೇಳಿಕೊಟ್ಟ ಊರಿನವರು ನಾವು. ಹಾಗಾಗಿ ಅಂಗಡಿಯಲ್ಲಿ ಧೈರ್ಯವಾಗಿ ಕೇಳೋಣ. ಒಳಗಿನ ಮರ ಯಾವುದು, ಫೋಮ್ ಯಾವುದು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳೋಣ. ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಮುಂದೆ ಹೋಗೋಣ.

ಚೌಕಟ್ಟನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಸೋಫಾದ ಮುಂದಿನ ಒಂದು ಮೂಲೆಯನ್ನು ಅರ್ಧ ಅಡಿ ಎತ್ತಿ. ಇನ್ನೊಂದು ಮುಂಗಾಲೂ ಅದರೊಡನೆ ನೆಲ ಬಿಟ್ಟು ಏಳಬೇಕು. ಅದು ನೆಲದಲ್ಲೇ ಉಳಿದು ಸೋಫಾ ತಿರುಚಿಕೊಂಡರೆ ಚೌಕಟ್ಟಿನಲ್ಲಿ ಬಿಗಿ ಇಲ್ಲ ಎಂದರ್ಥ. ಬರೀ ಪಿನ್ನು ಹೊಡೆದು ಜೋಡಿಸಿದ್ದಕ್ಕಿಂತ ಕಚ್ಚು ಹಾಕಿ, ಅಂಟು ಹಚ್ಚಿ, ಸ್ಕ್ರೂ ಬಿಗಿದದ್ದು ಬಾಳುತ್ತದೆ.

ಫೋಮ್ ವಿಷಯದಲ್ಲಿ ಅಂಗಡಿಯವರು 32 ಡೆನ್ಸಿಟಿ, 40 ಡೆನ್ಸಿಟಿ ಎನ್ನುತ್ತಾರೆ. ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎಂಬುದರ ಲೆಕ್ಕ ಅದು. ಗಟ್ಟಿ, ಮೆತ್ತಗೆ ಎನ್ನುವುದು ಬೇರೆಯೇ ಗುಣ. ಡೆನ್ಸಿಟಿ ಹೆಚ್ಚಿದ್ದರೆ ಫೋಮ್ ಬೇಗ ಕುಸಿಯುವುದಿಲ್ಲ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಐದು ಇಂಚು ದಪ್ಪದ 40 ಡೆನ್ಸಿಟಿ ಫೋಮ್ ಸುಮಾರು 1.9 ಕೆ.ಜಿ. ತೂಗುತ್ತದೆ. ಅದೇ ಅಳತೆಯ 20 ಡೆನ್ಸಿಟಿ ಫೋಮ್ ಒಂದು ಕೆ.ಜಿ.ಯೂ ಇರುವುದಿಲ್ಲ. ಜಿಪ್ ತೆಗೆದು ನೋಡಿ, ತೂಗಿ ನೋಡಿ. ತುಂಡುಗಳನ್ನು ಒತ್ತಿ ಮಾಡಿದ ರೀಬಾಂಡೆಡ್ ಫೋಮ್ ಇನ್ನೂ ಭಾರವಿರುತ್ತದೆ, ಬಣ್ಣಬಣ್ಣದ ಚೂರುಗಳಿಂದ ಅದರ ಗುರುತು ಸಿಗುತ್ತದೆ. ಕೊಳ್ಳುವಾಗ 17 ಇಂಚು ಎತ್ತರವಿದ್ದ ಆಸನ ಕಳಪೆ ಫೋಮಿನಿಂದ ಮೂರು ಇಂಚು ಕುಸಿದರೆ, ಅದು 14 ಇಂಚಿನ ಸೋಫಾ. ಅಷ್ಟರಲ್ಲಿ ಅಮ್ಮನ ವಯಸ್ಸೂ ಹೆಚ್ಚಿರುತ್ತದೆ.

ಇದಕ್ಕೆಲ್ಲ ಲಕ್ಷಾಂತರ ರೂಪಾಯಿ ಬೇಕೇ ಎಂದು ಕೇಳಬಹುದು. ಬೇಡ. ನಮ್ಮ ಮನೆಗಳಲ್ಲಿ ಮೊದಲಿನಿಂದ ಇದ್ದ, ಕುಶನ್ ತೆಗೆದುಹಾಕಲು ಬರುವ, ಕಾಲುಗಳಿರುವ ಸಾದಾ ಮರದ ಸೋಫಾ ಇಂದಿಗೂ ಒಳ್ಳೆಯ ಆಯ್ಕೆ. ಕುಶನ್ ಕುಸಿದರೆ ಬಡಾವಣೆಯ ಕುಶನ್ ಕೆಲಸದವರಲ್ಲಿ ಫೋಮ್ ಮಾತ್ರ ಬದಲಿಸಿ, ಹೊಸ ಬಟ್ಟೆ ಹಾಕಿಸಬಹುದು. ರಿಪೇರಿಗೆ ಬಾರದ ಸೋಫಾಗಳು ಕೊನೆಗೆ ಖಾಲಿ ಸೈಟಿಗೋ ರಾಜಕಾಲುವೆಯ ಬದಿಗೋ ಬೀಳುತ್ತವೆ, ಅವುಗಳ ಫೋಮ್ ಮಣ್ಣಿನಲ್ಲಿ ಕರಗುವುದಿಲ್ಲ. ಮನೆಯ ಯುವಕರಿಗೆ ಆಳವಾದ ಎಲ್ ಆಕಾರದ ಸೋಫಾ ಇಷ್ಟವಾದರೆ ಅದನ್ನೇ ತರಲಿ. ಅದರ ಪಕ್ಕದಲ್ಲಿ, ಬೆಳಕು ಬೀಳುವ ಕಡೆ, ಎಲ್ಲರ ಮಾತು ಕೇಳುವ ಹಾಗೆ, ಹಿರಿಯರಿಗೆ ಗಟ್ಟಿ ಕೈಗಳಿರುವ ಒಂದು ಒಳ್ಳೆಯ ಕುರ್ಚಿ ಇರಲಿ. ಮೂಲೆಗೆ ಮಾತ್ರ ಅದನ್ನು ತಳ್ಳಬಾರದು.

ಈಗಾಗಲೇ ತಗ್ಗಾದ ಸೋಫಾ ಮನೆಯಲ್ಲಿದ್ದರೆ ಬೇಸರ ಬೇಡ. ಕುಶನ್ ಕೆಳಗೆ ಆಸನದ ಅಳತೆಯ ಒಂದು ಪ್ಲೈವುಡ್ ಹಲಗೆ ಇಟ್ಟರೆ ಹೂತುಹೋಗುವುದು ತಪ್ಪುತ್ತದೆ. ಬಡಗಿಯನ್ನು ಕರೆಸಿ, ಸೋಫಾದ ಕಾಲುಗಳನ್ನು ಎರಡು ಇಂಚು ಎತ್ತರಿಸಿ, ಅಲುಗದಂತೆ ಸ್ಕ್ರೂ ಹಾಕಿಸಿ. ಅರ್ಧ ದಿನದ ಕೆಲಸ ಅದು. ಬರುವ ಭಾನುವಾರ ನಿಮ್ಮ ಮನೆಯ ಹಿರಿಯರು ಸೋಫಾದಿಂದ ಹೇಗೆ ಏಳುತ್ತಾರೆ ಎಂದು ಗಮನಿಸಿ, ಅವರನ್ನೇ ಕೇಳಿ, ಆ ಕೆಲಸವನ್ನು ಮುಂದೂಡದೆ ಮಾಡಿಸಿ.