ಮಂಡಿ ಚೀಟಿಯಿಂದ ಚಾರ್ಟ್



ಈ ದಿನ ನಾನು ನಿಮ್ಮ ಮುಂದೆ ತಂದಿರುವುದು ಹೊಸ ಬೀಜದ ವಿಷಯವಲ್ಲ, ಗೊಬ್ಬರದ ವಿಷಯವೂ ಅಲ್ಲ. ನಿಮ್ಮ ಮನೆಯ ಮೊಳೆಗೆ ಚುಚ್ಚಿಟ್ಟ ಮಂಡಿ ಚೀಟಿಗಳ ವಿಷಯ. ಆ ಚೀಟಿಗಳ ಲೆಕ್ಕವನ್ನು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಬರೆದು ಚಾರ್ಟ್ ಮಾಡಿಕೊಳ್ಳುವುದು ಹೇಗೆ, ಯಾವ ಪ್ರಶ್ನೆಗೆ ಯಾವ ಚಾರ್ಟ್ ಒಪ್ಪುತ್ತದೆ ಎಂಬುದೇ ಇವತ್ತಿನ ಮಾತು.

"ನಮಗ್ಯಾಕಪ್ಪಾ ಇದು, ಆಫೀಸಿನವರ ಕೆಲಸ ಅಲ್ವೇ?" ಎಂದು ನೀವು ಕೇಳಬಹುದು. 2023ರ ಜುಲೈನಲ್ಲಿ ಕೋಲಾರದ ಎ.ಪಿ.ಎಂ.ಸಿ.ಯಲ್ಲಿ 15 ಕಿಲೋ ಟೊಮೇಟೊ ಬಾಕ್ಸ್ 2,000 ರೂಪಾಯಿ ದಾಟಿದ್ದು ಎಲ್ಲರ ನೆನಪಿನಲ್ಲೂ ಇದೆ. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ಬೆಲೆ ಬಿದ್ದುಹೋದದ್ದು ಎಷ್ಟು ಜನರ ನೆನಪಿನಲ್ಲಿದೆ? ಏರಿದ ಬೆಲೆ ಮನಸ್ಸಿನಲ್ಲಿ ಉಳಿಯುತ್ತದೆ, ಇಳಿದದ್ದು ಮರೆತುಹೋಗುತ್ತದೆ. ಸಸಿ ನೆಟ್ಟ ದಿನದ ಬೆಲೆ ಬೇರೆ, ಎರಡು ಎರಡೂವರೆ ತಿಂಗಳ ಮೇಲೆ ಹಣ್ಣು ಬಿಡಿಸುವ ದಿನದ ಬೆಲೆ ಬೇರೆ. ಬರೀ ನೆನಪನ್ನು ನಂಬಿ ಸಾಲ ತಂದು ನಾಟಿ ಮಾಡಿದರೆ ಮನೆಗೇ ಪೆಟ್ಟು. ಚಾರ್ಟ್‌ಗೆ ಮರೆವಿಲ್ಲ.

ಇದು ಇವತ್ತಿನ ವಿದ್ಯೆಯೂ ಅಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತ 1786ರಲ್ಲೇ ವ್ಯಾಪಾರದ ಲೆಕ್ಕವನ್ನು ಗೆರೆಗಳಲ್ಲೂ ಕಂಬಗಳಲ್ಲೂ ಬರೆದು ತೋರಿಸಿದ. 1821ರಲ್ಲಿ ಆತ ಬರೆದ ಒಂದು ಹೆಸರಾದ ಚಾರ್ಟಿನಲ್ಲಿ ಇದ್ದದ್ದು ಗೋಧಿಯ ಬೆಲೆ ಮತ್ತು ಕೂಲಿಯ ದರ. ಬೇಸಾಯಗಾರನ ಕಷ್ಟಕ್ಕೂ ಚಾರ್ಟ್‌ಗೂ ನಂಟು ಅಷ್ಟು ಹಳೆಯದು.

ಮೊದಲು ಲೆಕ್ಕ ಬರೆಯುವ ಕ್ರಮ. ಎಕ್ಸೆಲ್ ಆಗಲಿ, ಗೂಗಲ್ ಶೀಟ್ಸ್ ಆಗಲಿ, ಕ್ರಮ ಒಂದೇ. ಮೇಲಿನ ಸಾಲಿನಲ್ಲಿ ತಲೆಬರಹ ಹಾಕಿ: ತಾರೀಖು, ಬಾಕ್ಸ್, ಬೆಲೆ, ಖರ್ಚು. ಕೆಳಗೆ ಒಂದೊಂದು ಚೀಟಿಗೆ ಒಂದೊಂದು ಸಾಲು. ಬೆಲೆಯ ಮನೆಯಲ್ಲಿ ಬರೀ 220 ಎಂದು ಬರೆಯಿರಿ, "220 ರೂ." ಎಂದು ಟೈಪ್ ಮಾಡಿದರೆ ಯಂತ್ರ ಅದನ್ನು ಅಂಕಿ ಎನ್ನದೆ ಅಕ್ಷರ ಎಂದುಕೊಳ್ಳಬಹುದು. ಮಂಡಿಗೆ ಹೋಗದ ದಿನಕ್ಕೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಸೊನ್ನೆ ಹಾಕಿದರೆ ಆ ದಿನ ಬೆಲೆಯೇ ನೆಲಕ್ಕೆ ಬಿತ್ತು ಎಂದು ಗೆರೆ ಸುಳ್ಳು ಹೇಳುತ್ತದೆ. ಆಮೇಲೆ ತಲೆಬರಹ ಸಮೇತ ಬೇಕಾದ ಸಾಲುಗಳನ್ನು ಆರಿಸಿ, ಇನ್ಸರ್ಟ್ ಒತ್ತಿ, ಚಾರ್ಟ್ ಒತ್ತಿ. ಮೊಬೈಲಿನ ಗೂಗಲ್ ಶೀಟ್ಸಿನಲ್ಲಿ ಮೇಲಿರುವ ಕೂಡುವ ಗುರುತನ್ನು ಒತ್ತಿದರೆ ಚಾರ್ಟ್ ಸಿಗುತ್ತದೆ. ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಕಲಿತಿದ್ದರೆ ಈ ಕೆಲಸ ಅವರಿಗೇ ಬಿಡಿ.

ಈಗ ಆರಿಸುವ ವಿಷಯ. ಚಾರ್ಟಿಗಿಂತ ಮೊದಲು ಪ್ರಶ್ನೆ ಇರಬೇಕು.

ಬೆಲೆ ದಿನದಿಂದ ದಿನಕ್ಕೆ ಹೇಗೆ ನಡೆಯಿತು ಎಂಬುದು ಪ್ರಶ್ನೆಯಾದರೆ ಗೆರೆಯ ಚಾರ್ಟ್, ಅಂದರೆ ಲೈನ್. ಒಂದು ಉದಾಹರಣೆ ನೋಡೋಣ. ಹತ್ತು ಸಲ ಹಣ್ಣು ಬಿಡಿಸಿದಿರಿ, ಪ್ರತಿ ಸಲವೂ ಸಮಸಮನಾಗಿ ಬಾಕ್ಸ್ ಬಂತು ಎನ್ನಿ. ಸಿಕ್ಕ ಬೆಲೆ 180, 220, 260, 600, 340, 210, 160, 120, 100, 90. ಸಸಿ, ಗೂಟ, ದಾರ, ಔಷಧಿ, ಕೂಲಿ, ಬಾಡಿಗೆ, ಕಮಿಷನ್ ಎಲ್ಲ ಸೇರಿ ಬಾಕ್ಸಿಗೆ ಖರ್ಚು 200. ಊರಿನಲ್ಲಿ ಮಾತು ಏನಾಗುತ್ತದೆ? "ಅವರಿಗೆ ಆರು ನೂರು ಸಿಕ್ತಂತೆ!" ಸರಾಸರಿ ಮಾತ್ರ 228. ಆ ಒಂದು ದಿನ ಬಿಟ್ಟರೆ ಮಿಕ್ಕ ಒಂಬತ್ತರ ಸರಾಸರಿ 187ರ ಹತ್ತಿರ, ಖರ್ಚಿಗೂ ಸಾಲದು.

ಆದ್ದರಿಂದ ಬೆಲೆಯ ಗೆರೆ ಒಂದೇ ಸಾಲದು. ಖರ್ಚಿನ ಕಾಲಂನಲ್ಲಿ ಪ್ರತಿ ಸಾಲಿಗೂ 200 ಎಂದು ತುಂಬಿ, ತಾರೀಖು, ಬೆಲೆ, ಖರ್ಚು ಮೂರನ್ನೂ ಆರಿಸಿ. ಖರ್ಚಿನ ಗೆರೆ ಹೊಲದ ಬದುವಿನ ಹಾಗೆ ಅಡ್ಡಲಾಗಿ ನಿಲ್ಲುತ್ತದೆ. ಬೆಲೆ ಬದುವಿನ ಮೇಲೆ ಎಷ್ಟು ದಿನ ಇತ್ತು, ಕೆಳಗೆ ಎಷ್ಟು ದಿನ ಇತ್ತು ಎಂದು ಓದು ಬಾರದ ಅಜ್ಜಿಯೂ ಹೇಳಬಲ್ಲರು. ಒಂದೊಂದು ಸಲ ಬಾಕ್ಸ್ ಹೆಚ್ಚುಕಡಿಮೆ ಬಂದಿದ್ದರೆ, ಬಂದ ಒಟ್ಟು ಹಣವನ್ನು ಒಟ್ಟು ಬಾಕ್ಸಿನಿಂದ ಭಾಗಿಸಿ ಸರಾಸರಿ ತೆಗೆಯಿರಿ. ಮೂರು ವರ್ಷದ ಚೀಟಿ ಇದ್ದರೆ ಇನ್ನೂ ಮೇಲು. ತಿಂಗಳುಗಳನ್ನು ಕೆಳಕ್ಕೆ, ವರ್ಷಗಳನ್ನು ಅಡ್ಡಕ್ಕೆ ಬರೆದರೆ ಮೂರು ಗೆರೆ ಒಟ್ಟಿಗೆ ಬರುತ್ತವೆ. ಯಾವ ತಿಂಗಳು ಪ್ರತಿ ವರ್ಷವೂ ಕೈಕೊಟ್ಟಿದೆ ಎಂಬುದು ಅಲ್ಲಿ ಎದ್ದು ಕಾಣುತ್ತದೆ.

ಎರಡು ಮೂರು ಬಾಬುಗಳನ್ನು ಹೋಲಿಸಬೇಕಾದರೆ ಕಂಬದ ಚಾರ್ಟ್. ಮುಳಬಾಗಿಲಿನವರು ಎನ್. ವಡ್ಡಹಳ್ಳಿ ಮಾರುಕಟ್ಟೆಗೂ ಕೋಲಾರಕ್ಕೂ ಹಾಕಿದ ಮಾಲಿನ ಬೆಲೆ ಹೋಲಿಸಬಹುದು. ಶ್ರೀನಿವಾಸಪುರದ ಮಾವಿನವರು ತೋತಾಪುರಿ, ಬಾದಾಮಿ, ನೀಲಂ ಒಂದೊಂದರಿಂದ ಕೈಗೆ ಬಂದ ಹಣ ಹೋಲಿಸಬಹುದು. ಆದರೆ ಒಂದು ಎಚ್ಚರ. ಒಂದು ಕಡೆ 290, ಇನ್ನೊಂದು ಕಡೆ 300 ಇದ್ದು, ಯಂತ್ರ ಕಂಬದ ಬುಡವನ್ನು 280ರಿಂದ ಶುರು ಮಾಡಿದರೆ, ಹತ್ತು ರೂಪಾಯಿ ವ್ಯತ್ಯಾಸ ಎರಡರಷ್ಟು ಎತ್ತರವಾಗಿ ಕಾಣುತ್ತದೆ. ಅದನ್ನು ನಂಬಿ ದೂರದ ಮಂಡಿಗೆ ಬಾಡಿಗೆ ಕೊಟ್ಟು ಗಾಡಿ ಓಡಿಸಿದರೆ ನಷ್ಟ ಯಾರಿಗೆ? ಕಂಬದ ಬುಡ ಯಾವಾಗಲೂ ಸೊನ್ನೆಯಲ್ಲಿರಲಿ.

ಖರ್ಚು ಯಾವ ಯಾವ ಕಡೆಗೆ ಹೋಯಿತು ಎಂಬುದು ಪ್ರಶ್ನೆಯಾದರೆ ರೊಟ್ಟಿಯಂಥ ಪೈ ಚಾರ್ಟ್. ಒಂದು ಇಡೀ ರೊಟ್ಟಿಯ ತುಂಡುಗಳಿಗೆ ಮಾತ್ರ ಅದು. ಐದಾರು ತುಂಡು ಸಾಕು. ಹದಿನೈದು ತುಂಡಾದರೆ ಯಾರಿಗೂ ತಿಳಿಯುವುದಿಲ್ಲ.

ಕೊನೆಯದಾಗಿ ನೀರು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ನಮ್ಮ ಜಿಲ್ಲೆಯಲ್ಲಿ ಕೊಳವೆಬಾವಿಯೇ ಜೀವ. 2018ರಿಂದ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬಂತು. ನಿಮ್ಮ ಬೋರಿಗೆ ಅದರಿಂದ ಏನಾಯಿತು ಎಂಬುದನ್ನು ನಿಮ್ಮ ಅಳತೆಯೇ ಹೇಳಬೇಕು. ತಿಂಗಳಿಗೊಮ್ಮೆ ನೀರು ಎಷ್ಟು ಅಡಿಯಲ್ಲಿದೆ ಎಂದು ಬರೆದಿಟ್ಟು ಗೆರೆ ಎಳೆಸಿ. ಇಲ್ಲಿ ಗೆರೆ ಮೇಲಕ್ಕೆ ಹೋದರೆ ಸಂತೋಷಪಡಬೇಡಿ. ಅಡಿ ಹೆಚ್ಚಾಯಿತು, ಅಂದರೆ ನೀರು ಕೆಳಗಿಳಿಯಿತು ಎಂದರ್ಥ.

ಮಾಲೂರಿನ ತರಕಾರಿಯವರಿಗೂ ಇದೇ ಮಾತು. ಮುಂದಿನ ನಾಟಿಗೆ ಸಸಿ ಹೇಳುವ ಮುನ್ನ ಒಂದು ಸಂಜೆ ಚೀಟಿಗಳನ್ನು ಇಳಿಸಿ, ಮನೆಯವರೆಲ್ಲ ಕೂತು ಆ ಎರಡು ಗೆರೆ ನೋಡಿ. ಬೆಲೆ ನಮ್ಮ ಕೈಯಲ್ಲಿಲ್ಲ, ನಿಜ. ಎಷ್ಟು ಎಕರೆ ನೆಡಬೇಕು ಎಂಬುದು ನಮ್ಮ ಕೈಯಲ್ಲೇ ಇದೆ.