ಆರೋಗ್ಯಧಾಮದ ಊಟದ ತಟ್ಟೆ

ಭಾಗ್ಯನಗರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ

ಮಗ್ಗಗಳ ಊರಿನಲ್ಲಿ ಸಿಂಪಿಗರ ಕಥೆ ಹೇಳುವುದು ಉಚಿತವೇ ಸರಿ. ಅಮೆರಿಕಕ್ಕೆ ವಲಸೆ ಹೋದ ಬಡ ಯೆಹೂದಿಗಳು ನ್ಯೂಯಾರ್ಕಿನ ಗಾಳಿಯಾಡದ ಕೋಣೆಗಳಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದರು. ಅವರಲ್ಲಿ ಹಬ್ಬಿದ ಕ್ಷಯಕ್ಕೆ ಸಿಂಪಿಗರ ರೋಗವೆಂದೇ ಹೆಸರಾಯಿತು.

1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದಿದ್ದರೂ ಅದನ್ನು ಕೊಲ್ಲುವ ಔಷಧಿ ಇರಲಿಲ್ಲ. ಇದ್ದದ್ದು ಮೂರೇ: ಶುದ್ಧ ಗಾಳಿ, ವಿಶ್ರಾಂತಿ, ಪುಷ್ಟಿಕರ ಆಹಾರ. ಇವನ್ನು ಒದಗಿಸುವ ತಾಣವೇ ಆರೋಗ್ಯಧಾಮ, ಅಂದರೆ ಸ್ಯಾನಟೋರಿಯಂ. ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯದಿಂದ ತೀರಿಕೊಂಡ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ 1921ರಲ್ಲಿ ಆರಂಭಿಸಿದ್ದೂ ಇಂಥದೇ.

ಒಣಹವೆಯ ಡೆನ್ವರ್ ನಗರದಲ್ಲಿ 1899ರಲ್ಲಿ ತೆರೆದ ಯೆಹೂದಿ ಆಸ್ಪತ್ರೆ ಮೊದಲಿಗೆ ಗುಣವಾಗುವ ಭರವಸೆಯಿದ್ದವರನ್ನಷ್ಟೇ ಸೇರಿಸಿಕೊಳ್ಳುತ್ತಿತ್ತು. ರೋಗ ಬಲಿತವರಿಗೆ ದಿಕ್ಕಿರಲಿಲ್ಲ. ಆಗ ವಲಸೆ ಕಾರ್ಮಿಕರೇ ಕಾಸು ಕೂಡಿಸಿ, ಡಾ. ಚಾರ್ಲ್ಸ್ ಸ್ಪಿವಾಕ್ ಅವರ ನೆರವಿನಿಂದ 1904ರಲ್ಲಿ ಇನ್ನೊಂದು ಆರೋಗ್ಯಧಾಮ ತೆರೆದರು. ಅಲ್ಲಿ ಸಾವಿನಂಚಿನಲ್ಲಿದ್ದವರಿಗೂ ಬಾಗಿಲು ತೆರೆದಿತ್ತು, ಚಿಕಿತ್ಸೆ ಪುಕ್ಕಟೆ.

ಮೊದಮೊದಲು ರೋಗಿಗಳ ವಾಸ ಡೇರೆಗಳಲ್ಲಿ. ಚಳಿಗಾಲದಲ್ಲೂ ಬಯಲ ಗಾಳಿಯಲ್ಲೇ ನಿದ್ದೆ. ಜ್ವರ ಅಳೆಯುವುದು, ತೂಕ ನೋಡುವುದು, ಗಂಟೆಗಟ್ಟಲೆ ಸುಮ್ಮನೆ ಮಲಗುವುದು ಆ ಕಾಲದ ಎಲ್ಲ ಆರೋಗ್ಯಧಾಮಗಳ ದಿನಚರಿ. ಹಾಲು, ಮೊಟ್ಟೆ ಯಥೇಚ್ಛ. ಚೇತರಿಸಿಕೊಂಡವರಿಗೆ ಪುಸ್ತಕ ಕಟ್ಟುವಂಥ ಹಗುರ ಕೆಲಸ. ವಿಶೇಷವೆಂದರೆ ಅಡುಗೆಮನೆ. ಯೆಹೂದಿ ನಿಯಮದಂತೆ ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಕೂಡುವಂತಿಲ್ಲ, ಪಾತ್ರೆಗಳೂ ಬೇರೆ. ಮೊದಲಿನ ಆಸ್ಪತ್ರೆ ಆರಂಭದಲ್ಲಿ ಈ ನಿಯಮ ಪಾಲಿಸುತ್ತಿರಲಿಲ್ಲ. ಹೊಸದು ಪಾಲಿಸಿತು. ಮಡಿ-ಮೈಲಿಗೆ ಬಲ್ಲ ನಮಗೆ ಇದರ ಮಹತ್ವ ತಿಳಿಯದ್ದಲ್ಲ. ಮನಸ್ಸು ಒಪ್ಪದ ಅನ್ನ ಮೈಗೆ ಹತ್ತುವುದಿಲ್ಲ.

1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಅದು ಸಿಕ್ಕಿದ್ದು ಯೆಹೂದಿ ವಲಸಿಗ ಸೆಲ್ಮನ್ ವಾಕ್ಸ್‌ಮನ್‌ರ ಪ್ರಯೋಗಶಾಲೆಯಲ್ಲಿ. ಮಾತ್ರೆಗಳು ಬಂದ ಮೇಲೆ, ಮನೆಯಲ್ಲೇ ಔಷಧಿ ನುಂಗಿದವರೂ ಆರೋಗ್ಯಧಾಮದಲ್ಲಿದ್ದವರಷ್ಟೇ ಗುಣವಾಗುತ್ತಾರೆಂದು ಮದರಾಸಿನ ಅಧ್ಯಯನ 1959ರಲ್ಲಿ ತೋರಿಸಿತು. ಮನೆಯವರ ಊಟ ಬಡವಾಗಿದ್ದರೂ ಫಲ ಒಂದೇ! ಆರೋಗ್ಯಧಾಮಗಳ ಕಾಲ ಮುಗಿಯಿತು. ಡೆನ್ವರಿನ ಕಾರ್ಮಿಕರ ಸಂಸ್ಥೆಯೂ 1954ರ ಹೊತ್ತಿಗೇ ಕ್ಯಾನ್ಸರಿನತ್ತ ಹೊರಳಿತ್ತು.

ಹಾಗಾದರೆ ಆಹಾರದ ಮಾತು ಸುಳ್ಳೇ? ಅಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ರೋಗಿಗಳ ಮನೆಮಂದಿಗೂ ಅಕ್ಕಿ, ಬೇಳೆ ಒದಗಿಸಿ ನೋಡಿದರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ. 39ರಷ್ಟು ತಗ್ಗಿತೆಂದು 2023ರಲ್ಲಿ ಪ್ರಕಟಿಸಿದರು. ರೋಗವನ್ನು ಗುಣಪಡಿಸುವುದು ಮಾತ್ರೆಯೇ. ಆದರೆ ಮನೆಯ ಮತ್ತೊಬ್ಬರನ್ನು ಕಾಯುವುದರಲ್ಲಿ ಊಟಕ್ಕೂ ಪಾಲಿದೆ.

ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತ ಬಂದು, 2024ರ ನವೆಂಬರಿನಿಂದ ಅದನ್ನು 1,000ಕ್ಕೆ ಏರಿಸಿದೆ. ದುಡಿಯುವವನು ಹಾಸಿಗೆ ಹಿಡಿದರೆ ಮಗ್ಗ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ. ಆ ಮನೆಯಲ್ಲಿ ತಟ್ಟೆ ಎಷ್ಟು, ಅನ್ನ ಎಷ್ಟು ಎಂಬುದನ್ನು ನೆರೆಹೊರೆಯವರೂ ವಿಚಾರಿಸಬೇಕು. ಡೆನ್ವರಿನ ಕೂಲಿಕಾರರು ಮಾಡಿದ್ದು ಅದನ್ನೇ.