ಕೆಂಪು ಕುರ್ಚಿ

(ಸಂಘದ ವನಭೋಜನದ ದಿನ ದೌಲತಾಬಾದಿನ ಕೋಟೆಯ ಬುಡದಲ್ಲಿ ಮಾಡಿದ ಭಾಷಣ. ಸಂಚಿಕೆಗಾಗಿ ಅಲ್ಲಲ್ಲಿ ತಿದ್ದಿದೆ.)



ತಾವೆಲ್ಲರೂ ಕೋಟೆಯನ್ನು ಹತ್ತಿ ಇಳಿದು ಬಂದಿದ್ದೀರಿ. ಕಾಲು ಸೋತಿದೆ, ಹೊಟ್ಟೆ ಹಸಿದಿದೆ. ಇಂಥ ಹೊತ್ತಿನಲ್ಲಿ ಭಾಷಣಕ್ಕೆಂದು ಎದ್ದು ನಿಂತವನ ಮೇಲೆ ನಿಮಗೆ ಎಷ್ಟು ಪ್ರೀತಿ ಇರಬಹುದೆಂಬುದನ್ನು ನಾನು ಬಲ್ಲೆ. ಕಾರ್ಯದರ್ಶಿಗಳು ನನಗೆ ಮೊದಲು ವಹಿಸಿದ ವಿಷಯ "ದೇವಗಿರಿಯೂ ಕನ್ನಡವೂ" ಎಂಬುದು. ಅದು ವಿದ್ವಾಂಸರು ಹೇಳತಕ್ಕ ಮಾತು. ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ನನಗೆ ತಿಳಿದಿರುವುದು ಇಷ್ಟೆ: ಈ ಗುಡ್ಡದಿಂದ ಆಳಿದ ಸೇವುಣರ ಶಾಸನಗಳಲ್ಲಿ ಬಹಳಷ್ಟು ಕನ್ನಡದಲ್ಲಿವೆ, ಅವರಲ್ಲಿ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ "ಸಂಗೀತ ರತ್ನಾಕರ"ವನ್ನು ಬರೆದ. ಇಷ್ಟು ಹೇಳಿ ಆ ವಿಷಯಕ್ಕೆ ಕೈಮುಗಿದು, ಟೆಲಿವಿಷನ್ನಿನ ಒಂದು ಬಗೆಯ ಕಾರ್ಯಕ್ರಮವನ್ನು ಕುರಿತು ಮಾತನಾಡಲು ಅಪ್ಪಣೆ ಬೇಡುತ್ತೇನೆ. ನಗಬೇಡಿ. ಕೊನೆಗೆ ಈ ಕೋಟೆಗೂ ಬರುತ್ತೇನೆ, ನಮ್ಮ ಸಂಘಕ್ಕೂ ಬರುತ್ತೇನೆ.

"ವೀಕೆಂಡ್ ವಿತ್ ರಮೇಶ್" ನೋಡದವರು ನಮ್ಮಲ್ಲಿ ಯಾರೂ ಇರಲಾರರು. 2014ರ ಆಗಸ್ಟಿನಲ್ಲಿ ಜೀ ಕನ್ನಡದಲ್ಲಿ ಆರಂಭವಾದ ಈ ಕಾರ್ಯಕ್ರಮ 2023ರ ಹೊತ್ತಿಗೆ ಐದು ಸರಣಿಗಳನ್ನು ಕಂಡಿತು. ನಡೆಸಿದವರು ನಟ ರಮೇಶ್ ಅರವಿಂದ್. ವೇದಿಕೆಯ ಮೇಲೆ ಒಂದು ಕೆಂಪು ಕುರ್ಚಿ, ಅದರಲ್ಲಿ ಸಾಧಕರೆನಿಸಿಕೊಂಡ ಒಬ್ಬರು. ಮೊದಲ ಅತಿಥಿ ಪುನೀತ್ ರಾಜ್‌ಕುಮಾರ್. ಆಮೇಲೆ ನಟರು ಮಾತ್ರವಲ್ಲ, 2019ರ ಸರಣಿಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಬಂದರು, ನಾರಾಯಣ ಮೂರ್ತಿ ಸುಧಾ ಮೂರ್ತಿ ದಂಪತಿಗಳು ಬಂದರು. ಅತಿಥಿಯ ಹುಟ್ಟೂರು, ಓದಿದ ಶಾಲೆ, ಹಳೆಯ ಫೋಟೊ ಎಲ್ಲವನ್ನೂ ತೋರಿಸುತ್ತಾರೆ. ಅಷ್ಟರಲ್ಲಿ ಬಾಗಿಲು ತೆರೆದು ಒಬ್ಬ ಮೇಷ್ಟ್ರೋ, ಬಾಲ್ಯದ ಗೆಳೆಯನೋ, ಅಕ್ಕನೋ ಒಳಗೆ ಬರುತ್ತಾರೆ. ಅಲ್ಲಿಯವರೆಗೆ ಗತ್ತಿನಿಂದ ಕುಳಿತಿದ್ದವರು ಎದ್ದು ನಿಲ್ಲುತ್ತಾರೆ, ಕಣ್ಣು ಒರಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಆ ವೇಳೆಗೆ ಸರಿಯಾಗಿ ನನ್ನ ಹೆಂಡತಿಯೂ ಒರಸಿಕೊಳ್ಳುತ್ತಿದ್ದಳು. ನಾನು ನೀರು ಕುಡಿಯುವ ನೆವದಲ್ಲಿ ಅಡುಗೆಮನೆಗೆ ಹೋಗುತ್ತಿದ್ದೆ.

2023ರ ಮಾರ್ಚಿನಲ್ಲಿ ಐದನೆಯ ಸರಣಿ ನಟಿ ರಮ್ಯಾ ಅವರಿಂದ ಆರಂಭವಾದಾಗ, ಅವರು ಇಂಗ್ಲಿಷನ್ನು ಹೆಚ್ಚಾಗಿ ಆಡಿದರೆಂದು ಕರ್ನಾಟಕದಲ್ಲಿ ದೊಡ್ಡ ಗಲಾಟೆಯಾಯಿತು. ನಾವು ಇಲ್ಲಿ ಕುಳಿತು ಅದಕ್ಕೆ ಹೌದೆನ್ನುವ ಮುನ್ನ ನಮ್ಮ ಮಕ್ಕಳ ಮಾತನ್ನು ಒಮ್ಮೆ ಕೇಳಿಸಿಕೊಳ್ಳುವುದು ಮೇಲು. ನನ್ನ ಮಗಳ ವಾಕ್ಯ ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಮನೆ ಸೇರುತ್ತದೆ. ಆದರೆ "ಸಾಧಕ" ಎಂಬ ಪದವನ್ನು ಅವಳು ಈ ಕಾರ್ಯಕ್ರಮದಿಂದಲೇ ಕಲಿತಳು. ಒಂದು ರಾತ್ರಿ ಕೇಳಿದಳು: "ಅಪ್ಪಾ, ನಮ್ಮ ತಾತನ್ನ ಯಾಕೆ ಆ ಕುರ್ಚಿಗೆ ಕರೆಯೋದಿಲ್ಲ?" ತಾತ, ಎಂದರೆ ನನ್ನ ತಂದೆ, ಹಾಸನದ ಕಡೆ ಒಂದು ಹಳ್ಳಿಯಲ್ಲಿ ಅಂಚೆ ಹಂಚುತ್ತಿದ್ದವರು. ನಾನು ತಕ್ಷಣ, "ಅದಕ್ಕೆಲ್ಲ ಸಾಧನೆ ಮಾಡಿರಬೇಕಮ್ಮ" ಎಂದುಬಿಟ್ಟೆ. ಹೇಳಿದ ಮೇಲೆ ನನಗೇ ಒಂದು ಬಗೆಯಾಯಿತು.

ಈ ಅಚ್ಚು ನಮ್ಮದಲ್ಲ. ಇದರ ಮೂಲ ಅಮೆರಿಕದ ರೇಡಿಯೊ. "ಇದು ನಿನ್ನ ಬದುಕು" ಎಂಬರ್ಥದ "ದಿಸ್ ಈಸ್ ಯುವರ್ ಲೈಫ್" ಎಂಬುದನ್ನು ರಾಲ್ಫ್ ಎಡ್ವರ್ಡ್ಸ್ ಎಂಬಾತ 1948ರಲ್ಲಿ ಅಲ್ಲಿ ಆರಂಭಿಸಿದ. 1955ರಲ್ಲಿ ಅದು ಬ್ರಿಟನ್ನಿನ ಬಿ.ಬಿ.ಸಿ.ಗೆ ಬಂತು. ಅಲ್ಲಿ ನಡೆಸಿದವರು ಐರ್ಲೆಂಡಿನ ಈಮನ್ ಆಂಡ್ರ್ಯೂಸ್. ಯಾರಿಗೂ ಮುಂಚೆ ತಿಳಿಸುವಂತಿಲ್ಲ. ಅತಿಥಿ ಎಲ್ಲಿಗೋ ಹೊರಟಿರುವಾಗ, ಏನೋ ಕೆಲಸದಲ್ಲಿರುವಾಗ, ದೊಡ್ಡದೊಂದು ಪುಸ್ತಕ ಹಿಡಿದು ಎದುರಿಗೆ ಪ್ರತ್ಯಕ್ಷವಾಗಬೇಕು. ಆ ಪುಸ್ತಕ ಮುಂದೆ ಕೆಂಪು ಪುಸ್ತಕವೆಂದೇ ಹೆಸರಾಯಿತು. ತೆರೆಯ ಹಿಂದಿನಿಂದ ಒಂದು ದನಿ ಕೇಳಿಸುತ್ತದೆ. ಅದು ಯಾರ ದನಿ ಎಂದು ಅತಿಥಿ ಗುರುತಿಸುವಷ್ಟರಲ್ಲಿ ಆ ವ್ಯಕ್ತಿಯೇ ಎದುರಿಗೆ ಬರುತ್ತಾನೆ.

ಮೊದಲ ದಿನದ ಕಥೆ ಸ್ವಾರಸ್ಯವಾಗಿದೆ. ಅಂದು ಕರೆಯಬೇಕೆಂದಿದ್ದುದು ಫುಟ್‌ಬಾಲ್ ಆಟಗಾರ ಸ್ಟಾನ್ಲಿ ಮ್ಯಾಥ್ಯೂಸರನ್ನು. ಗುಟ್ಟು ಪತ್ರಿಕೆಯೊಂದರಲ್ಲಿ ಬಯಲಾಯಿತು. ಆಗ ಅಮೆರಿಕದಿಂದ ಬಂದಿದ್ದ ಎಡ್ವರ್ಡ್ಸ್ ಸ್ವತಃ ಈಮನ್ ಆಂಡ್ರ್ಯೂಸರನ್ನೇ ಹಿಡಿದು ಕೂರಿಸಿದ. ಕೇಳಬೇಕಾದವನೇ ಹೇಳುವವನಾದ. ಇದು ತಕ್ಕ ಶಾಸ್ತ್ರವೆಂದೇ ನನಗೆ ತೋರುತ್ತದೆ. ಪರರನ್ನು ಕೇಳಹೊರಟವನು ಮೊದಲು ತಾನೊಮ್ಮೆ ಆ ಕುರ್ಚಿಯ ಬಿಸಿ ತಿಳಿದಿರಬೇಕು.

ಅಲ್ಲಿ ಕುಳಿತವರೆಲ್ಲ ತಾರೆಗಳಾಗಿರಲಿಲ್ಲ ಎಂಬುದನ್ನು ವಿಶೇಷವಾಗಿ ಬಿನ್ನವಿಸುತ್ತೇನೆ. 1956ರಲ್ಲಿ ಐಡಾ ಕುಕ್ ಎಂಬ ಮಹಿಳೆ ಬಂದರು. ಆಕೆ ಸರ್ಕಾರಿ ಕಛೇರಿಯಲ್ಲಿ ಟೈಪು ಮಾಡುತ್ತಿದ್ದವರು, ಆಮೇಲೆ ಪ್ರೇಮಕಾದಂಬರಿಗಳನ್ನು ಬರೆದವರು. ಅಕ್ಕ ಲೂಯಿಸಳೂ ಗುಮಾಸ್ತೆ. ಇಬ್ಬರಿಗೂ ಸಂಗೀತನಾಟಕದ ಹುಚ್ಚು. ಯುದ್ಧಕ್ಕೆ ಮೊದಲು ನಾಟಕ ನೋಡುವ ನೆವದಲ್ಲಿ ಜರ್ಮನಿಗೆ ಮತ್ತೆ ಮತ್ತೆ ಹೋಗಿ, ಹಿಟ್ಲರನ ಕೈಗೆ ಸಿಕ್ಕಲಿದ್ದ 29 ಮಂದಿಯನ್ನು ಇಂಗ್ಲೆಂಡಿಗೆ ಪಾರುಮಾಡಿಸಿದರು. ಇಬ್ಬರು ಗುಮಾಸ್ತೆಯರು! ನಮ್ಮ ವೃತ್ತಿಯವರ ಬಗ್ಗೆ ಇಂಥದ್ದನ್ನು ಓದಿದ ದಿನ ನಾನು ಕೌಂಟರಿನಲ್ಲಿ ಕೊಂಚ ನೆಟ್ಟಗೆ ಕುಳಿತೆ.

ಎಲ್ಲರೂ ಒಪ್ಪಿದರೆಂದೂ ಅಲ್ಲ. 1961ರಲ್ಲಿ ಟಾಟನ್‌ಹ್ಯಾಮ್ ತಂಡದ ನಾಯಕ ಡ್ಯಾನಿ ಬ್ಲಾಂಚ್‌ಫ್ಲವರ್ ಪುಸ್ತಕವನ್ನು ಕಂಡೊಡನೆ ಬೆನ್ನು ತಿರುಗಿಸಿ ಹೊರಟುಹೋದರು. ನನ್ನ ಬದುಕು ನನ್ನದು ಎಂಬುದು ಅವರ ನಿಲುವು. ಅದೂ ಸರಿಯೆ. ಬಿ.ಬಿ.ಸಿ.ಯಲ್ಲೇ ಆ ಕಾಲದಲ್ಲಿ, 1959ರಿಂದ 1962ರವರೆಗೆ, "ಫೇಸ್ ಟು ಫೇಸ್" ಎಂಬ ಇನ್ನೊಂದು ಕಾರ್ಯಕ್ರಮವಿತ್ತು. ಕೇಳುತ್ತಿದ್ದವರು ಜಾನ್ ಫ್ರೀಮನ್. ಇವರೇ 1965ರಲ್ಲಿ ಬ್ರಿಟನ್ನಿನ ಹೈಕಮಿಷನರಾಗಿ ದೆಹಲಿಗೆ ಬಂದದ್ದು. ಕ್ಯಾಮೆರಾ ಪೂರಾ ಅತಿಥಿಯ ಮುಖದ ಮೇಲೆ. ಫ್ರೀಮನ್ನರ ಮುಖ ಕಾಣುತ್ತಿದ್ದುದೇ ಅಪರೂಪ. 1960ರಲ್ಲಿ ಗಿಲ್ಬರ್ಟ್ ಹಾರ್ಡಿಂಗ್ ಎಂಬ ಸಿಡುಕುತನಕ್ಕೇ ಪ್ರಸಿದ್ಧನಾದ ಮನುಷ್ಯನನ್ನು ಸಾವಿನ ಬಗ್ಗೆ ಕೇಳಿದಾಗ, ತಾಯಿಯನ್ನು ಕಳೆದುಕೊಂಡಿದ್ದ ಆತನ ದನಿ ಬಿರಿಯಿತು. ಕೆಲವು ವಾರಗಳಲ್ಲಿ ಆತ ತೀರಿಯೂಹೋದ. ಪ್ರಶ್ನೆ ಎಂಬುದು ಕತ್ತರಿಯಂತೆ. ಕೈಯಲ್ಲಿ ಹಿಡಿದವನಿಗೆ ಹದ ತಿಳಿದಿರಬೇಕು.

1971ರಲ್ಲಿ ಬಂದ ಮೈಕೇಲ್ ಪಾರ್ಕಿನ್ಸನ್ನರಿಗೆ ಆ ಹದ ತಿಳಿದಿತ್ತೆಂದು ಹೇಳುತ್ತಾರೆ. ಯಾರ್ಕ್‌ಷೈರಿನ ಗಣಿ ಕಾರ್ಮಿಕನ ಮಗ, ಅಂಪೈರ್ ಡಿಕಿ ಬರ್ಡ್ ಜೊತೆ ಕ್ರಿಕೆಟ್ ಆಡಿದವರು. ಮಹಮ್ಮದ್ ಅಲಿ ಅವರ ಎದುರು ನಾಲ್ಕು ಸಲ ಕುಳಿತ. ಅವರು 2023ರಲ್ಲಿ ತೀರಿಕೊಂಡರು. ನಮ್ಮ ಕಡೆ ಮುಂಬಯಿ ದೂರದರ್ಶನದಲ್ಲಿ 1972ರಿಂದ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ತಬಸ್ಸುಮ್ ನಡೆಸಿದ "ಫೂಲ್ ಖಿಲೇ ಹೈಂ ಗುಲ್ಶನ್ ಗುಲ್ಶನ್" ಇಲ್ಲಿಯ ಹಿರಿಯರ ನೆನಪಿನಲ್ಲಿರಬಹುದು. ಈಚೆಗೆ ಬ್ರಿಟನ್ನಿನಲ್ಲಿ ಗ್ರಹಮ್ ನಾರ್ಟನ್ ಎಂಬವರ ಕಾರ್ಯಕ್ರಮದಲ್ಲೂ ಒಂದು ಕೆಂಪು ಕುರ್ಚಿ ಇದೆ. ಅದರಲ್ಲಿ ಕೂರುವವರು ಪ್ರೇಕ್ಷಕರು, ನಮ್ಮ ನಿಮ್ಮಂಥವರು. ತಮ್ಮ ಬದುಕಿನ ಒಂದು ಪ್ರಸಂಗವನ್ನು ಹೇಳಬೇಕು. ಸಪ್ಪೆಯೆನಿಸಿದರೆ ನಾರ್ಟನ್ ಒಂದು ಸನ್ನೆಕೋಲು ಎಳೆಯುತ್ತಾರೆ, ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಹೀಗೆ ಪ್ರಸಿದ್ಧರಿಗೆ ಸೋಫಾ, ಸಾಮಾನ್ಯರಿಗೆ ಮಗುಚುವ ಕುರ್ಚಿ! (ಈ ಭಾಷಣಕ್ಕೂ ಅಂಥದೊಂದು ವ್ಯವಸ್ಥೆ ಇದ್ದಿದ್ದರೆ ಎಂದು ಯಾರೋ ಹಿಂದೆ ಗೊಣಗಿದಂತಾಯಿತು.)

ಈಗ ಈ ಕೋಟೆಗೆ ಬರುತ್ತೇನೆ. 1327ರ ಸುಮಾರಿಗೆ ಮಹಮ್ಮದ್ ತುಘಲಕ್ ದೆಹಲಿಯ ಜನರನ್ನು ಇಲ್ಲಿಗೆ ತಂದದ್ದು ನಮಗೆಲ್ಲ ಪಾಠವಾಗಿದೆ. ಅವನನ್ನು ಕುರಿತು ಗಿರೀಶ ಕಾರ್ನಾಡರ ನಾಟಕವೂ ಇದೆ. ಆದರೆ ನನಗೆ ಪ್ರಿಯವಾದವನು 1340ರ ದಶಕದಲ್ಲಿ ಈ ದಾರಿಯಲ್ಲಿ ಹಾದುಹೋದ ಮೊರಾಕೊ ದೇಶದ ಯಾತ್ರಿಕ ಇಬ್ನ್ ಬತೂತ. ಆತ ಕೋಟೆಯ ಗೋಡೆಗಳನ್ನು ಅಳೆದು ಸುಮ್ಮನಾಗಲಿಲ್ಲ. ಇಲ್ಲಿ ಸೆರೆಯಲ್ಲಿದ್ದು ಬಿಡುಗಡೆಯಾದ ಖತ್ತಾಬ್ ಎಂಬ ಆಫ್ಘನ್ ಸರದಾರ ಹೇಳಿದ್ದನ್ನು ಕೇಳಿ ಬರೆದಿಟ್ಟ. ಇಲಿಗಳ ಗುಂಡಿ ಎಂಬ ನೆಲಮಾಳಿಗೆಯಲ್ಲಿ ಆತನನ್ನು ಹಾಕಿದ್ದರಂತೆ. ರಾತ್ರಿಯಾದರೆ ಇಲಿಗಳು ಗುಂಪುಗೂಡಿ ಮೈಮೇಲೆ ಬರುತ್ತಿದ್ದುವು. ಅವುಗಳೊಡನೆ ಹೋರಾಡುವುದೇ ರಾತ್ರಿಯ ಪಾಡು. ಪಕ್ಕದ ಗುಂಡಿಯಲ್ಲಿದ್ದವನು ಕಾಯಿಲೆ ಬಿದ್ದು ಏಳಲಾರದಾದಾಗ ಇಲಿಗಳು ಅವನನ್ನು ತಿಂದುಬಿಟ್ಟುವು. ಸುದ್ದಿ ಸುಲ್ತಾನನಿಗೆ ಮುಟ್ಟಿತು. ಇವನನ್ನಾದರೂ ಹೊರಗೆ ತೆಗೆಯಿರೆಂದು ಅಪ್ಪಣೆಯಾಯಿತು. ಸುಲ್ತಾನನ ಆಸ್ಥಾನದ ಚರಿತ್ರೆಕಾರರು ಅನೇಕರು. ಈ ಬಂಡೆಯ ಒಳಗಿನ ರಾತ್ರಿ ಹೇಗಿತ್ತೆಂಬುದು ನಮಗೆ ತಿಳಿದದ್ದು ಒಬ್ಬ ದಾರಿಹೋಕ ಕಿವಿಗೊಟ್ಟಿದ್ದರಿಂದ.

ಇನ್ನು ನನ್ನ ವಿಷಯ. ನವೆಂಬರ್ ಬಂತೆಂದರೆ ನಿಮಗೆ ರಾಜ್ಯೋತ್ಸವ, ನಮಗೆ ಪಿಂಚಣಿದಾರರ ಲೈಫ್ ಸರ್ಟಿಫಿಕೇಟು. "ನಾನು ಬದುಕಿದ್ದೇನೆ" ಎಂದು ವರ್ಷಕ್ಕೊಮ್ಮೆ ಬ್ಯಾಂಕಿಗೆ ಬಂದು ತೋರಿಸಬೇಕು. 2014ರಿಂದ ಬೆರಳೊತ್ತಿ ಯಂತ್ರದ ಮೂಲಕವೂ ಕೊಡಬಹುದು. ಆದರೆ ವಯಸ್ಸಾದವರ ಬೆರಳಿನ ಗೆರೆಗಳು ಸವೆದಿರುತ್ತವೆ, ಯಂತ್ರ ಒಪ್ಪುವುದಿಲ್ಲ, ಕೌಂಟರಿಗೇ ಬರುತ್ತಾರೆ. ನಾನು ಕೇಳುವುದು ಹೆಸರು, ಪಿಂಚಣಿ ಆದೇಶದ ನಂಬರು, ಮರುಮದುವೆ ಆಗಿದೆಯೇ ಇಲ್ಲವೇ. ಇಂಗ್ಲೆಂಡಿನವರು ಅದೇ ಹೆಸರಿನಲ್ಲಿ ಬದುಕನ್ನೇ ಕೇಳಿದರು. ನಾನು ಉಸಿರಿದೆಯೇ ಎಂಬುದನ್ನಷ್ಟೆ ಕೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ಒಬ್ಬ ಹಿರಿಯರು ಬಂದರು. ಎಂಬತ್ತು ದಾಟಿದವರು, ತಲೆಗೆ ಟೋಪಿ, ಶುದ್ಧ ಮರಾಠಿ ಮಾತು. ಫಾರಮಿಗೆ ಸಹಿ ಹಾಕಿ ಮುಂದಕ್ಕೆ ತಳ್ಳಿದರು. ನೋಡುತ್ತೇನೆ, ಸಹಿ ಕನ್ನಡದಲ್ಲಿದೆ! ದುಂಡಗೆ, ಒತ್ತಕ್ಷರ ಒಂದೂ ತಪ್ಪದೆ. ನಾನು ಕನ್ನಡದಲ್ಲಿ ಮಾತನಾಡಿಸಿದಾಗ ಅವರ ಮುಖ ಅರಳಿತು. ಬೀದರಿನ ಕಡೆಯವರು, ತಂದೆ ನಿಜಾಮರ ಕಾಲದಲ್ಲಿ ನೌಕರಿಗೆಂದು ಈ ಕಡೆ ಬಂದವರು. ಆಗ ಬೀದರ, ಗುಲ್ಬರ್ಗ, ಔರಂಗಾಬಾದು ಎಲ್ಲವೂ ಒಂದೇ ಹೈದರಾಬಾದ್ ರಾಜ್ಯ. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರು ಮೈಸೂರಿಗೆ ಸೇರಿದುವು, ಈ ಊರು ಮುಂಬಯಿ ರಾಜ್ಯಕ್ಕೆ ಸೇರಿತು. ನಾವು ಹಬ್ಬ ಮಾಡುವ ಆ ದಿನ ಅವರ ಮನೆ ಗೆರೆಯ ಈಚೆ ಉಳಿಯಿತು. "ಆಗ ನೀವು ಯಾಕೆ ಊರಿಗೆ ಹೋಗಲಿಲ್ಲ ಅಜ್ಜಾರೆ? ಈ ಅಕ್ಷರ ನಿಮಗೆ ಕಲಿಸಿದವರು ಯಾರು?" ಎಂದು ಕೇಳಿದೆ. ಅವರು ನಕ್ಕು, "ಅದು ದೊಡ್ಡ ಕತಿ ಅದ ತಮ್ಮಾ. ನನ್ನ ಹಿಂದ ಮಂದಿ ನಿಂತಾರ ನೋಡು. ಮುಂದಿನ ಸಲ ಹೇಳ್ತೀನಿ" ಎಂದರು. ನಿಜ, ಹಿಂದೆ ಹದಿನೈದು ಮಂದಿ ನಿಂತಿದ್ದರು. ನಾನು ಮುಂದಿನವರನ್ನು ಕರೆದೆ.

ಅವರ ವಿಳಾಸ ನನ್ನ ಕಂಪ್ಯೂಟರಿನಲ್ಲಿತ್ತು. ಬ್ಯಾಂಕಿನಿಂದ ಹೆಚ್ಚೆಂದರೆ ಇಪ್ಪತ್ತು ನಿಮಿಷದ ನಡಿಗೆ. ಒಂದು ಭಾನುವಾರ ಹೋಗಿ ಬರೋಣವೆಂದು ಹೆಂಡತಿಯೊಡನೆ ಎಷ್ಟು ಸಲ ಹೇಳಿದೆನೋ. ಭಾನುವಾರಗಳು ಹೇಗೆ ಹೋಗುತ್ತವೆಂಬುದು ನಿಮಗೇ ಗೊತ್ತು. ಮರುವರ್ಷ ನವೆಂಬರಿನಲ್ಲಿ ಅವರು ಬರಲಿಲ್ಲ. ಡಿಸೆಂಬರಿನಲ್ಲಿ ಅವರ ಮಗ ಬಂದರು, ಮರಣಪತ್ರ ಹಿಡಿದುಕೊಂಡು, ತಾಯಿಗೆ ಕುಟುಂಬ ಪಿಂಚಣಿ ಮಾಡಿಸಲು. ಕೆಲಸ ಮುಗಿದ ಮೇಲೆ ನಾನು ಆ ಸಹಿಯನ್ನು ತೋರಿಸಿ, ತಂದೆಯವರು ಇದನ್ನು ಎಲ್ಲಿ ಕಲಿತರೆಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಅದು ಕನ್ನಡವೇ? ನಾವು ಮೋಡಿ ಅಕ್ಷರ ಅಂದುಕೊಂಡಿದ್ದೆವು" ಎಂದು ಮರಾಠಿಯಲ್ಲಿ ಹೇಳಿದರು.

ಮಹನೀಯರೆ, ಕಳೆದ ವರ್ಷ ನಮ್ಮ ಸಮಿತಿಯಲ್ಲಿ ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಒಬ್ಬ ತಾರೆಯನ್ನು ಕರೆಸಬೇಕೆಂಬ ಚರ್ಚೆ ನಡೆಯಿತು. ಅವರ ಕಡೆಯವರು ಹೇಳಿದ ಮೊತ್ತ ಕೇಳಿ ನಮ್ಮ ಖಜಾಂಚಿಗಳು ಫೋನನ್ನು ಎರಡು ಸಲ ಒರಸಿ ಕಿವಿಗೆ ಹಿಡಿದರು. ತಾರೆಯರು ಬರಬಾರದೆಂದು ನಾನು ಹೇಳುವುದಿಲ್ಲ. ಬಂದರೆ ಮೊದಲ ಸಾಲಿನಲ್ಲಿ ನಾನೇ ಇರುತ್ತೇನೆ. ಆದರೆ ಆ ಕೆಂಪು ಕುರ್ಚಿಯ ಕಾರ್ಯಕ್ರಮದಲ್ಲಿ ನಾವು ಅತ್ತದ್ದು ತಾರೆಯನ್ನು ಕಂಡಲ್ಲ, ಬಾಗಿಲಿನಿಂದ ಬಂದ ಮೇಷ್ಟ್ರನ್ನು ಕಂಡು. ಅಂಥ ಮೇಷ್ಟ್ರುಗಳು ಇಲ್ಲೇ ಜಮಖಾನದ ಮೇಲೆ ಕುಳಿತು ಸೀತಾಫಲ ಬಿಡಿಸುತ್ತಿದ್ದಾರೆ.

ಆದ್ದರಿಂದ ನನ್ನ ಕೋರಿಕೆ. ಮುಂದಿನ ತಿಂಗಳಿನಿಂದ ಸಂಘದ ಮಾಸಿಕ ಸಭೆಯಲ್ಲಿ ಅರ್ಧ ಗಂಟೆ ಬಿಟ್ಟುಕೊಡಿ. ಕುರ್ಚಿ ಕೆಂಪಾಗಿರಬೇಕೆಂದಿಲ್ಲ, ನಮ್ಮ ಪ್ಲಾಸ್ಟಿಕ್ ಕುರ್ಚಿಯೇ ಸಾಕು. ಎಪ್ಪತ್ತೈದು ದಾಟಿದವರಿಂದ ಆರಂಭಿಸೋಣ. ಈ ಊರಿಗೆ ಮೊದಲು ಬಂದದ್ದು ಯಾವಾಗ, ಯಾಕೆ. ಕನ್ನಡ ಕಲಿಸಿದವರು ಯಾರು. 1956ರ ಆ ದಿನ ಮನೆಯಲ್ಲಿ ಏನು ಮಾತಾಯಿತು. ಕೇಳುವವರು ಮಕ್ಕಳಾಗಲಿ, ಬರೆದುಕೊಳ್ಳಲು ನಾನಿದ್ದೇನೆ. ಬರೆಯುವುದು ನನ್ನ ಹೊಟ್ಟೆಪಾಡು. ಒಲ್ಲೆನೆಂದವರನ್ನು ಬ್ಲಾಂಚ್‌ಫ್ಲವರರಂತೆ ಹೋಗಗೊಡೋಣ. ಮೊದಲನೆಯವರಾಗಿ ನಮ್ಮ ಅಧ್ಯಕ್ಷರೇ ಕೂರಬೇಕೆಂದು ನಾನು ಸೂಚಿಸುತ್ತೇನೆ. ಅವರು ಬೇಡವೆಂದು ಕೈ ಆಡಿಸುತ್ತಿದ್ದಾರೆ. ಅದನ್ನು ಊಟವಾದ ಮೇಲೆ ನೋಡಿಕೊಳ್ಳೋಣ. ಅಲ್ಲಿ ಎಲೆ ಹಾಕಿ ನೀರು ಚಿಮುಕಿಸುತ್ತಿದ್ದಾರೆ, ಸಾರಿನ ವಾಸನೆ ನನಗೂ ಬರುತ್ತಿದೆ.